ಬಾಣಂತಿಗೆ ನೀರು

ಮೊದಲು ಬಂದದ್ದು ತಲೆನೋವು.

ನಿದ್ದೆಗೆಟ್ಟ ಬಾಣಂತಿಗೆ ತಲೆನೋವು ಬರದೆ ಇನ್ಯಾರಿಗೆ ಬರುತ್ತದೆ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಹೆರಿಗೆಯಾಗಿ ಎರಡನೇ ವಾರ. ರಾಯಲ್ಪಾಡಿನ ಆಚೆ ನಮ್ಮಮ್ಮನ ಊರಲ್ಲಿ ಮಾವಿನ ಸುಗ್ಗಿ, ತಲೆ ಸಿಡಿಯುವ ಬಿಸಿಲು. ಒಳಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾನು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಮೈಮೇಲೆ ರಗ್ಗು, ಮಂಚದ ಪಕ್ಕದಲ್ಲಿ ಸಾಂಬ್ರಾಣಿ ಹೊಗೆ. ಊಟಕ್ಕೆ ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ. ಅದರ ಜೊತೆ ಅರ್ಧ ಲೋಟ ಬಿಸಿನೀರು. ಆಮೇಲೆ ಮುಂದಿನ ಊಟದವರೆಗೆ ನೀರಿನ ಮಾತೇ ಇಲ್ಲ.

"ಅಮ್ಮಾ, ಒಂದು ಗುಟುಕು ಕೊಡಮ್ಮ. ನಾಲಿಗೆ ಅಂಟ್ಕೊಳ್ತಿದೆ."

"ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಜೋತು ಬೀಳುತ್ತೆ ಕಣೇ. ಮಗೂಗೆ ಶೀತ ಆಗುತ್ತೆ. ನಮ್ಮಮ್ಮ ನನಗೆ ಕೊಟ್ಟಿದ್ಲಾ? ಸುಮ್ನೆ ಮಲಕ್ಕೋ."

ಹಾಗೆನ್ನುತ್ತಲೇ ಒದ್ದೆ ಬಟ್ಟೆಯಿಂದ ನನ್ನ ತುಟಿ ಒರೆಸುತ್ತಿದ್ದಳು. ಪ್ರೀತಿಯಿಂದಲೇ. ನಾನು ಆ ಬಟ್ಟೆಯನ್ನು ಕದ್ದು ಚೀಪುತ್ತಿದ್ದೆ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಲೈನಿನ ಮೇಲೆ ಸಣ್ಣ ಸಣ್ಣ ಸ್ಕ್ರೂ ಕೂರಿಸುವ ಕೆಲಸ ನನ್ನದು. ಕಣ್ಣಿಗಿಂತ ಬೆರಳಿಗೇ ಹೆಚ್ಚು ಗೊತ್ತಿರಬೇಕು ಅಂಥ ಕೆಲಸ. ಅಲ್ಲಿ ಸೂಪರ್‌ವೈಸರ್ ಜೊತೆ ಜಗಳವಾಡಿ ನೀರು ಕುಡಿದು ಬರುತ್ತಿದ್ದವಳು, ಇಲ್ಲಿ ಹೆತ್ತ ಅಮ್ಮನ ಮುಂದೆ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ. ಏನು ಹೇಳಲಿ!

ನಮ್ಮೂರ ಆರೋಗ್ಯ ಸಬ್‌ಸೆಂಟರಿನಲ್ಲಿ ಡಾಕ್ಟರಿಲ್ಲ. ಸಿಸ್ಟರ್ ಭವ್ಯ ಇದ್ದಾರೆ, ಅವರ ಕೈಯಲ್ಲಿ ಒಂದು ಟ್ಯಾಬ್ ಇದೆ. ಅವರಿಗೆ ತಿಳಿಯದ್ದಿದ್ದರೆ ಟ್ಯಾಬ್ ಒತ್ತುತ್ತಾರೆ, ಕೋಲಾರದಿಂದ ಒಬ್ಬ ಡಾಕ್ಟರು ಅದರಲ್ಲಿ ಕಾಣಿಸಿಕೊಳ್ಳುತ್ತಾರೆ. ಊರವರು ಅವರಿಗೆ ಇಟ್ಟ ಹೆಸರು ಟೀವಿ ಡಾಕ್ಟರು. ಮಗುವಿನ ತೂಕ ನೋಡಲು ಬಂದ ಸಿಸ್ಟರಿಗೆ ತಲೆನೋವಿನ ವಿಷಯ ಹೇಳಿದೆ. ಬಿಪಿ ನೋಡಿದರು. ನಾರ್ಮಲ್.

"ಆದ್ರೂ ಸಾರ್ ಒಂದ್ಸಲ ನೋಡ್ಲಿ. ಇಲ್ಲಿ ನೆಟ್‌ವರ್ಕ್ ಇಲ್ಲ, ಅಂಗಳದ ಬೇವಿನ ಮರದ ಹತ್ರ ಬರ್ತೀರಾ?" ಎಂದರು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬಾಣಂತೀನ ಹೊಸ್ತಿಲು ದಾಟಿಸ್ತಾರಾ? ಗಾಳಿ ಸೋಕಲ್ವಾ? ಅದೂ ಯಾರೋ ಗಂಡಸಿಗೆ ತೋರಿಸೋಕೆ! ಏನು ಕೇಳ್ಬೇಕೋ ನನ್ನ ಕೇಳ್ಲಿ, ನಾನ್ ಹೇಳ್ತೀನಿ."

ಮರದ ಕೆಳಗೆ ನಿಂತು ಹೇಳಿದಳು. ಒಳಗಿನಿಂದ ನನಗೆಲ್ಲ ಕೇಳುತ್ತಿತ್ತು. ಊಟ ಮಾಡ್ತಾರಾ? ಚೆನ್ನಾಗಿ ಮಾಡ್ತಾಳೆ ಸಾರ್. ಜ್ವರ ಇದೆಯಾ? ಇಲ್ಲ ಸಾರ್. ನಿದ್ದೆ? ಮಗು ಬಿಡಲ್ಲ ಸಾರ್. ಒಂದೂ ಸುಳ್ಳಲ್ಲ. ಪೇಷೆಂಟ್‌ನ ನಾನು ನೋಡ್ಬೇಕು ಎನ್ನುತ್ತಿದ್ದ ಡಾಕ್ಟರ ದನಿ ಅರ್ಧಕ್ಕೇ ಕಡಿದುಹೋಯಿತು. ಸಿಸ್ಟರ್ ಆಚೆ ಹೋಗಿ ನೆಟ್‌ವರ್ಕ್ ಮತ್ತೆ ಹಿಡಿದಾಗ, ಸದ್ಯಕ್ಕೆ ಪ್ಯಾರಾಸಿಟಮಾಲ್ ಕೊಡಿ, ನಾಳೆ ಅವರನ್ನು ನೋಡದೆ ನಾನು ಬಿಡುವುದಿಲ್ಲ ಎಂದರಂತೆ.

ಬೆಳಿಗ್ಗೆ ವಾಂತಿಯಾಯಿತು. ಕಿಟಕಿಯ ಸಂದಿಯ ಬೆಳಕು ಎರಡೆರಡಾಗಿ ಕಂಡಿತು. ಹಾಲು ಕುಡಿಸಲು ಮಗುವನ್ನು ಎತ್ತಿಕೊಂಡೆ.

ಮಗು ಜಾರಿತು.

ಹಾಸಿಗೆಯ ಮೇಲೆ ಬಿತ್ತು, ಪುಣ್ಯ. ನಿತ್ರಾಣ ಅಂದಳು ಅಮ್ಮ. ನನ್ನ ಗಂಡ ಮುರಳಿ ನೈಟ್ ಶಿಫ್ಟ್ ಮುಗಿಸಿ ಅದೇ ಯೂನಿಫಾರಂನಲ್ಲಿ ಆಗಷ್ಟೇ ಬಂದಿದ್ದ. ಅವನ ಹಿಂದೆಯೇ ಸಿಸ್ಟರ್ ಬಂದರು. ಡಾಕ್ಟರೇ ಅವರಿಗೆ ಫೋನ್ ಮಾಡಿ, ಆ ಬಾಣಂತಿ ಏನಾದರು ಎಂದು ಕೇಳಿದ್ದರಂತೆ.

"ನನಗೇನೂ ಗೊತ್ತಾಗ್ತಿಲ್ಲಮ್ಮ, ಭಯ ಆಗ್ತಿದೆ. ಸಾರ್ ನೋಡ್ಲೇಬೇಕು" ಎಂದರು ಅಮ್ಮನಿಗೆ. ಅವರ ಕಣ್ಣಲ್ಲಿ ನೀರಿತ್ತು. ಮುರಳಿ ಯಾರ ಮಾತಿಗೂ ಕಾಯಲಿಲ್ಲ. ರಗ್ಗು ಸಮೇತ ನನ್ನನ್ನು ಎತ್ತಿಕೊಂಡು ಹೊಸ್ತಿಲು ದಾಟಿದ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ಎಷ್ಟೋ ದಿನದ ಮೇಲೆ ಮುಖಕ್ಕೆ ಗಾಳಿ ತಾಗಿತು.

ಟ್ಯಾಬಿನಲ್ಲಿ ಕನ್ನಡಕದ ಒಂದು ಮುಖ.

"ಸ್ಕಾರ್ಫ್ ತೆಗೀರಿ. ರಗ್ಗೂ ತೆಗೀರಿ. ಎಲ್ಲಿ, ಹಲ್ಲು ತೋರ್ಸಿ ನಗಿ. ಎರಡೂ ಕೈ ಮುಂದಕ್ಕೆ ಚಾಚಿ. ಕಣ್ಣು ಮುಚ್ಕೊಳ್ಳಿ."

ಚಾಚಿದೆ. ನನ್ನ ಲೆಕ್ಕದಲ್ಲಿ ಎರಡೂ ಕೈ ಮುಂದೆಯೇ ಇದ್ದವು. ಕಣ್ಣು ಬಿಟ್ಟರೆ ಬಲಗೈ ತೊಡೆಯ ಮೇಲೆ ಬಿದ್ದಿದೆ. ಅದು ಯಾವಾಗ ಇಳಿಯಿತೋ ನನಗೆ ತಿಳಿದಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನೀರೆಷ್ಟು ಕುಡೀತಾರೆ?"

"ನೀರಾ?" ಸೆರಗು ಬಿಟ್ಟು ಅಮ್ಮ ಮುಂದೆ ಬಂದಳು. ಈ ಪರೀಕ್ಷೆಯಲ್ಲಾದರೂ ತಾನು ಪಾಸು ಎಂಬ ಧೈರ್ಯ ಅವಳ ದನಿಯಲ್ಲಿತ್ತು. "ಪಥ್ಯದಲ್ಲಿ ನಾವು ತಪ್ಪೋರಲ್ಲ ಸಾರ್. ಊಟಕ್ಕೆ ಅರ್ಧ ಲೋಟ. ಮಧ್ಯೆ ಒಂದು ತೊಟ್ಟೂ ಕೊಟ್ಟಿಲ್ಲ."

ಪರದೆಯ ಮೇಲಿನ ಮುಖ ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ, ಅವರ ಕಣ್ಣುಗಳು ಮಿಟುಕುತ್ತಿದ್ದವು.

ನನಗೆ ನೆನಪಿರುವುದು ಅಲ್ಲಿಗೆ ಮುಗಿಯಿತು. ಮುಂದಿನದು ಮುರಳಿ ಹೇಳಿದ್ದು. ನನಗೆ ಫಿಟ್ಸ್ ಬಂತು. ಕುರ್ಚಿಯಿಂದ ಉರುಳಿದೆ. ಅಮ್ಮ ಅಡುಗೆಮನೆಗೆ ಓಡಿ ತುಂಬಿದ ಚೊಂಬು ತಂದಳು. "ಕುಡಿಯೇ ನನ್ನವ್ವ, ಎಷ್ಟು ಬೇಕೋ ಕುಡಿಯೇ" ಎನ್ನುತ್ತ ನನ್ನ ಕಚ್ಚಿದ ಹಲ್ಲಿನ ಮೇಲೆ ಸುರಿಯಹೋದಳು. ಟ್ಯಾಬಿನೊಳಗಿನಿಂದ ಡಾಕ್ಟರು ಕಿರುಚುತ್ತಿದ್ದರಂತೆ: "ಬಾಯಿಗೆ ನೀರು ಹಾಕ್ಬೇಡಿ! ಸಿಸ್ಟರ್, ಮಗ್ಗುಲಿಗೆ ತಿರುಗಿಸಿ! ಯಾರಾದ್ರೂ ಆ ಅಮ್ಮನ್ನ ಹಿಡ್ಕೊಳ್ಳಿ!" ಮುರಳಿ ಅಮ್ಮನನ್ನು ಹಿಡಿದುಕೊಂಡ. ಆಂಬುಲೆನ್ಸ್ ಬರುವವರೆಗೂ ಡಾಕ್ಟರು ಪರದೆಯಿಂದ ಕದಲಲಿಲ್ಲ. ಅವರು ಒಂದೊಂದೇ ಹೇಳಿದರು, ಸಿಸ್ಟರ್ ಒಂದೊಂದೇ ಮಾಡಿದರು.

ಅವರು ಮೊದಲೇ ತಿಳಿಸಿದ್ದರಿಂದ ಕೋಲಾರದಲ್ಲಿ ಸ್ಟ್ರೆಚರ್ ಇಳಿದ ಕೂಡಲೇ ಸ್ಕ್ಯಾನ್ ಆಯಿತು. ಮಿದುಳಿನ ವೇಯ್ನಿನಲ್ಲಿ ಕ್ಲಾಟ್, ಅಂದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ವೀನಸ್ ಥ್ರಾಂಬೋಸಿಸ್. ಅಲ್ಲಿಂದ ಬೆಂಗಳೂರು, ಐಸಿಯು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಮೇಡಂ. ಕಷ್ಟ ಎಂದರೆ ಏನು ಎಂದು ಮುರಳಿ ಕೇಳಲಿಲ್ಲ. ವಾರಗಳ ಮೇಲೆ ಮನೆಗೆ ಬಂದಾಗ ಎದೆಯಲ್ಲಿ ಹಾಲಿರಲಿಲ್ಲ. ಮಗಳು ನನ್ನನ್ನು ನೋಡಿ ಅತ್ತಳು, ಅಜ್ಜಿಯನ್ನು ಹುಡುಕಿದಳು.

ಈಗ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದೇನೆ. ಸಿಸ್ಟರ್ ರಕ್ತ ತೆಗೆದು ಟೆಸ್ಟಿಗೆ ಕಳಿಸುತ್ತಾರೆ, ಟ್ಯಾಬಿನ ಡಾಕ್ಟರು ರಿಪೋರ್ಟ್ ನೋಡಿ ಡೋಸ್ ಹೇಳುತ್ತಾರೆ. ನನ್ನ ಜೀವ ಉಳಿಸಿದವರನ್ನು ನಾನು ಎದೆಯಿಂದ ಕೆಳಗೆ ನೋಡಿಯೇ ಇಲ್ಲ. ಅವರು ನನ್ನ ಪಾಲಿನ ದೇವರು ಎನ್ನುತ್ತಾಳೆ ಅಮ್ಮ. ದೇವರಲ್ಲ, ನಮ್ಮನ್ನು ನೋಡದೆ ಬಿಡುವುದಿಲ್ಲ ಎಂದ ಮನುಷ್ಯ. ನನಗೆ ಅದೇ ದೊಡ್ಡದು. ಬಲಗೈ ಭುಜದವರೆಗೆ ಏಳುತ್ತದೆ. ಬೆರಳು ಪೂರ್ತಿ ಮಡಚುವುದಿಲ್ಲ. ಲೈನಿನ ಕೆಲಸ ಇನ್ನು ಕನಸು. ಮಗಳನ್ನು ಒಬ್ಬಳೇ ಎತ್ತಿಕೊಳ್ಳಲು ಆಗುವುದಿಲ್ಲ. ಇದನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ.

ಅಮ್ಮ ಈಗ ಹೊತ್ತು ಹೊತ್ತಿಗೂ ಚೊಂಬು ಹಿಡಿದು ಬರುತ್ತಾಳೆ. ಸಾಕು ಎಂದರೂ ಕದಲುವುದಿಲ್ಲ. ನೀರು ಕಂಡರೆ ನನಗೆ ಸಿಟ್ಟು, ಅವಳನ್ನು ಕಂಡರೂ ಸಿಟ್ಟು. ಕುಡಿಯುತ್ತೇನೆ, ಮಾತಾಡುವುದಿಲ್ಲ.

ಮೊನ್ನೆ ಬೇವಿನ ಮರದ ಕೆಳಗೆ ಮತ್ತೆ ಟ್ಯಾಬ್ ಒತ್ತಿದಾಗ ಅಮ್ಮ ಸಿಸ್ಟರನ್ನು ಸರಿಸಿ ಮುಂದೆ ಬಂದಳು.

"ಸಾರ್, ನಿಜ ಹೇಳಿ. ನಾನು ನೀರು ಕೊಡ್ದೇ ಇದ್ದಿದ್ಕೇನಾ ಹಿಂಗಾಗಿದ್ದು?"

ಡಾಕ್ಟರು ಪರದೆಗೆ ಹತ್ತಿರ ಬಂದರು. "ಅದೊಂದೇ ಅಂತ ಹೇಳಕ್ಕಾಗಲ್ಲಮ್ಮ. ಹೆರಿಗೆ ಆದ್ಮೇಲೆ ರಕ್ತ ಹೆಪ್ಪುಗಟ್ಟೋದು ಜಾಸ್ತಿ. ಮೈಯಲ್ಲಿ ನೀರಿಲ್ದಿದ್ರೆ ಇನ್ನೂ ಜಾಸ್ತಿ."

ಅಮ್ಮ ಕೇಳಿಸಿಕೊಂಡದ್ದು ಕೊನೆಯ ಮಾತು ಮಾತ್ರ. ನನ್ನ ಕಡೆ ತಿರುಗಿದಳು. ಹೋಗ್ಲಿ ಬಿಡಮ್ಮ ಎಂದು ನಾನು ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ.

"ಎಲ್ಲಿ, ಬಲಗೈಲಿ ಲೋಟ ಹಿಡೀರಿ ನೋಡೋಣ" ಎಂದರು ಡಾಕ್ಟರು.

ಅಮ್ಮ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಹಿಡಿದೆ. ಎತ್ತಿದೆ. ಕೈ ಗಡಗಡ ನಡುಗಿತು, ಅರ್ಧ ನೀರು ಮಡಿಲಿಗೆ ಚೆಲ್ಲಿತು. ಉಳಿದರ್ಧ ಬಾಯಿಗೆ ಬಂತು. ತಣ್ಣಗಿತ್ತು. ನಾನೇ ಎತ್ತಿ ಕುಡಿದ ನೀರು.

ಚೊಂಬು ಹಿಡಿದು ನಿಂತೇ ಇದ್ದಳು ಅಮ್ಮ. ಖಾಲಿ ಲೋಟವನ್ನು ಅವಳ ಮುಂದೆ ಚಾಚಿದೆ.

"ಇನ್ನೊಂದು ಗುಟುಕು ಕೊಡಮ್ಮ" ಎಂದೆ.