ಗಾಜಿನ ಮೇಲೆ ಕಲಿಸಿದ ಪಿಯಾನೋ

ಸುನಂದಾ, ಬಳ್ಳಾರಿಯ ಆ ಶಾಲೆಯ ವರಾಂಡದಲ್ಲಿ ನಾನು ಸುಳ್ಳು ಹೇಳಿದೆ. ನಿನ್ನ ಕೈಗೆ ಬರಬೇಕಿದ್ದ ಕೆಲಸ ಹೋದದ್ದು ನಿನ್ನ ಬೆರಳಿನಿಂದ ಅಲ್ಲ, ನನ್ನ ಬಾಯಿಂದ. ನೀನು ಒಳಗೆ ಪಿಯಾನೋ ಮುಂದೆ ತಲೆ ತಗ್ಗಿಸಿ ಕೂತಿದ್ದಾಗ ಸಂಗೀತದ ಮೇಡಂ ಹೊರಗೆ ಬಂದು ನನ್ನನ್ನು ಒಂದು ಮಾತು ಕೇಳಿದ್ದರು. ಅದು ನಿನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ನಾನೇ.

ಅತ್ತೆ ಅಳುತ್ತ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡ. ಅಳುವ ಜಾತಿಯವಳು ನಾನಲ್ಲ, ನಿನಗೇ ಗೊತ್ತು. ಕ್ಷಮೆ ಕೇಳುವುದಕ್ಕೂ ಬರೆಯುತ್ತಿಲ್ಲ. ನಾನು ಮಾಡಿದ್ದರಲ್ಲಿ ಕೆಲವನ್ನು ನಾಳೆಯೂ ಮಾಡುತ್ತೇನೆ—ಅವನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಲು ಬಂದವರ ಜೊತೆ ಜಗಳವನ್ನೂ ಆಡುತ್ತೇನೆ. ಆದರೆ ಆ ಒಂದು ಮಾತು ತಪ್ಪು. ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ನಿನ್ನ ಹೊರತು ಬೇರೆಯವರೂ ಓದಲಿ ಎಂದೇ ಬರೆಯುತ್ತಿರುವುದರಿಂದ ನಿನಗೆ ತಿಳಿದಿದ್ದನ್ನೂ ಮತ್ತೆ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳದೆ ಓದು.

ನಾನು ಆದವಾನಿಯಲ್ಲಿ ಹೆಂಗಸರ ಸೋಮವಾರದ ಭಜನೆಗೆ ಪೇಟಿ ನುಡಿಸುವವಳು. ಪೇಟಿ ಅಂದರೆ ಹಾರ್ಮೋನಿಯಂ. ಎಡಗೈ ಗಾಳಿ ಹಾಕುತ್ತದೆ, ಬಲಗೈ ನುಡಿಸುತ್ತದೆ. ನಮ್ಮ ಭಜನೆಯಲ್ಲಿ ಒಂದು ರೂಢಿ ಇದೆ—ಯಾರ ಕೈಗೆ ಪೇಟಿ ಕೊಡಬೇಕು, ಯಾರ ಕೈಗೆ ತಾಳ ಕೊಡಬೇಕು ಎಂದು ಹೇಳುವವಳು ಪೇಟಿಯ ಮುಂದೆ ಕೂತವಳು. ಅವಳು ಒಬ್ಬಳಿಗೆ ಕೈ ಇದೆ ಎಂದರೆ ಇದೆ, ಇಲ್ಲ ಎಂದರೆ ಮುಗಿಯಿತು, ಆಮೇಲೆ ಆಕೆಯನ್ನು ಯಾರೂ ಕರೆಯುವುದಿಲ್ಲ. ನನ್ನ ಅತ್ತೆಯ ಕಾಲದಿಂದ ನಡೆದುಬಂದದ್ದು. ಆ ಜಾಗದಲ್ಲಿ ಕೂತು ಕೂತು ನನ್ನ ಮಾತು ತಪ್ಪಾಗಬಹುದು ಎಂಬುದೇ ನನಗೆ ಮರೆತುಹೋಗಿತ್ತು.

ನೀನು ನನ್ನ ಅಣ್ಣನ ಮಗಳು. ಅಣ್ಣ ಚಿಪ್ಪಗಿರಿ ಕಡೆ ಕುರಿ ಸಾಕಿಕೊಂಡು ಇದ್ದವನು, ಇದ್ದಾನೆ. ಡಿಗ್ರಿ ಓದಲು ನೀನು ನಮ್ಮ ಮನೆಗೆ ಬಂದೆ. ಬಂದ ವಾರದಲ್ಲೇ, ನಾನು ಅಡುಗೆಮನೆಯಲ್ಲಿದ್ದಾಗ, ಯಾರೂ ಕಲಿಸದ ಭಜನೆಯೊಂದನ್ನು ಪೇಟಿಯ ಮೇಲೆ ಹುಡುಕಿ ಹುಡುಕಿ ನುಡಿಸಿದೆ. ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ, ಆಣೆ. ಹೆಮ್ಮೆ ಆಯಿತು. ಇವಳು ನನ್ನವಳು, ಇವಳನ್ನು ನಾನು ತಯಾರು ಮಾಡುತ್ತೇನೆ ಎಂಬ ಹೆಮ್ಮೆ. ಕೇಡೆಲ್ಲ ಶುರುವಾದದ್ದು ಅಲ್ಲಿಂದಲೇ ಇರಬೇಕು.

ಬಳ್ಳಾರಿಯ ಖಾಸಗಿ ಶಾಲೆಯೊಂದರಲ್ಲಿ ಸಹಾಯಕ ಸಂಗೀತ ಶಿಕ್ಷಕಿ ಬೇಕು ಎಂಬ ಸುದ್ದಿ ತಂದವಳು ನೀನೇ. ಇರಲು ಕೋಣೆ, ಮುಂದಿನ ಸಂಗೀತ ಪರೀಕ್ಷೆಗಳಿಗೆ ಅವರೇ ಕಲಿಸುತ್ತಾರೆ. ನಿನ್ನಪ್ಪನೂ ಒಪ್ಪಿದ್ದ. ಆದರೆ ಪಿಯಾನೋ ನುಡಿಸಿ ತೋರಿಸಬೇಕು. ಅದು ಸಿಕ್ಕರೆ ಸಂಗೀತದಲ್ಲೇ ನಿನ್ನ ಬದುಕು, ಸಿಗದಿದ್ದರೆ ಸಂಗೀತ ಬಿಟ್ಟು ಸಿಕ್ಕ ಕೆಲಸ. ಇಷ್ಟು ಇಬ್ಬರಿಗೂ ಗೊತ್ತಿತ್ತು.

ನಿನ್ನ ಮಾವ, ಅಂದರೆ ನನ್ನ ಮನೆಯವರು, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಟ್ಯಾಬು ತಂದುಕೊಟ್ಟರು. ಪಿಯಾನೋ ಎಂದು ಹುಡುಕಿದರೆ ಆ್ಯಪುಗಳ ಸಂತೆ. ಒಂದರಲ್ಲಿ ಬಣ್ಣದ ಪಟ್ಟಿಗಳು ಮೇಲಿಂದ ಬೀಳುತ್ತಿದ್ದವು, ಮಕ್ಕಳಾಟ ಎಂದು ನೀನು ತೆಗೆದುಹಾಕಿದೆ. ಇನ್ನೊಂದರಲ್ಲಿ ಹಾಡಿನ ನಡುವೆ ಸೋಪಿನ ಜಾಹೀರಾತು. ಮತ್ತೊಂದರಲ್ಲಿ ಬೆರಳಿಟ್ಟು ಒಂದು ಗಳಿಗೆಯಾದ ಮೇಲೆ ದನಿ ಬರುತ್ತಿತ್ತು. ಕೊನೆಗೆ ಉಳಿದದ್ದು ಎರಡು.

ಮೊದಲನೆಯದು ನಿನಗೆ ಹಿಡಿಸಿತ್ತು. ನಿಜವಾದ ಪಿಯಾನೋದ ಒಂದೊಂದು ಕೀಯನ್ನೂ ಮೆಲ್ಲಗೊಮ್ಮೆ ಜೋರಾಗೊಮ್ಮೆ ನುಡಿಸಿ, ಆ ದನಿ ಹಿಡಿದಿಟ್ಟು ಮಾಡಿದ್ದಂತೆ. ಟ್ಯಾಬಿನ ಅರ್ಧ ಜಾಗ ಅದೇ ತಿನ್ನುತ್ತಿತ್ತು. ಕೀಯ ಮೇಲ್ತುದಿ ಮುಟ್ಟಿದರೆ ಮೆತ್ತಗೆ, ಕೆಳತುದಿ ಮುಟ್ಟಿದರೆ ಗಟ್ಟಿಯಾಗಿ ನುಡಿಯುತ್ತಿತ್ತು. ಬೇಕಾದರೆ ವೈರು ಹಾಕಿ ಕೀಬೋರ್ಡು ಜೋಡಿಸಬಹುದಿತ್ತು. ಆದರೆ ಬೆರಳು ಎತ್ತದೆ ಹಿಡಿದಿದ್ದರೂ ದನಿ ಕರಗಿ ಇಲ್ಲವಾಗುತ್ತಿತ್ತು.

"ಅತ್ತಿ, ಖರೇ ಪಿಯಾನೋ ಹಿಂಗೇ ಇರ್ತೈತಿ. ವಿಡಿಯೋದಾಗ ನೋಡೀನಿ, ದನಿ ತಾನಾ ಇಳೀತೈತಿ," ಎಂದೆ ನೀನು.

"ಇಳಿಯೂದಲ್ಲ, ಸಾಯೂದು ಅದು. ಗಾಳಿ ಸೋರೋ ಪೇಟಿ ಇದ್ದಂಗ ಐತಿ. ತೆಗಿ ಅದನ್ನ," ಎಂದೆ ನಾನು.

ಪೇಟಿಯವರ ಕಿವಿ ಹಾಗೇ. ಗಾಳಿ ಇರುವಷ್ಟು ಹೊತ್ತು ದನಿ ನಿಲ್ಲಬೇಕು. ನಿಲ್ಲದಿದ್ದರೆ ಪೇಟಿ ಕೆಟ್ಟಿದೆ ಎಂದು ರಿಪೇರಿಗೆ ಕೊಡುತ್ತೇವೆ. ಹಾಗಾಗಿ ನಾನು ಆರಿಸಿದ್ದು ಎರಡನೆಯದನ್ನು. ದೊಡ್ಡ ದೊಡ್ಡ ಕೀಗಳು, ಅವುಗಳ ಮೇಲೆ ಸರಿಗಮ ಬರೆದಿತ್ತು, ಬೆರಳು ಇಟ್ಟಷ್ಟು ಹೊತ್ತೂ ದನಿ ಅಲ್ಲಾಡದೆ ನಿಲ್ಲುತ್ತಿತ್ತು. ಮೆಲ್ಲಗೆ ಮುಟ್ಟಿದರೂ ಅಷ್ಟೇ, ಕುಟ್ಟಿದರೂ ಅಷ್ಟೇ. ನನಗೆ ಅದೇ ಸರಿ ಎನಿಸಿತು. ಪಿಯಾನೋ ಎಂಬ ಹೆಸರಿಟ್ಟುಕೊಂಡ ಪೇಟಿಯನ್ನು ನಾನು ನಿನಗೆ ಕೊಟ್ಟೆ.

ನೀನು ಒಪ್ಪಲಿಲ್ಲ. ಎರಡೂ ಇರಲಿ ಎಂದೆ. ಆಗ ನಾನು ಮೊದಲ ಸುಳ್ಳು ಹೇಳಿದೆ: "ನಾ ನುಡಿಸೀನಿ ಪಿಯಾನೋ, ಗುಂತಕಲ್ಲಿನಾಗ, ಮದಿವಿಗಿಂತ ಮೊದ್ಲು. ನನಗ ಹೇಳಾಕ ಬರಬ್ಯಾಡ." ಗುಂತಕಲ್ಲಿನ ಒಂದು ಮನೆಯಲ್ಲಿ ಪಿಯಾನೋ ನೋಡಿದ್ದೆ, ಅದು ನಿಜ. ಅದರ ಮೇಲೆ ಬಟ್ಟೆ ಹೊದಿಸಿ ಹೂಕುಂಡ ಇಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿ ಬಂದಿದ್ದೆ, ಅಷ್ಟೇ. ನೀನು ಮತ್ತೊಂದು ಮಾತಾಡದೆ ಮೊದಲ ಆ್ಯಪನ್ನು ಅಳಿಸಿದೆ. ಅಷ್ಟು ನಂಬಿಕೆ—ಈಗ ನೆನೆದರೆ ನಿನ್ನ ಮೇಲೇ ಸಿಟ್ಟು ಬರುತ್ತದೆ. ಒಂದು ಸಲವಾದರೂ ಎದುರಾಡಬಾರದಿತ್ತೇ?

ಅದಾದ ಮೇಲೆ ದಿನಾ ಸಂಜೆ ಅಭ್ಯಾಸ. ನೀನು ಬಲಗೈಯಲ್ಲಿ ನುಡಿಸುತ್ತಿದ್ದೆ, ನಿನ್ನ ಎಡಗೈ ಟ್ಯಾಬು ಜಾರದಂತೆ ಹಿಡಿದಿರುತ್ತಿತ್ತು. ನನಗೂ ಏನೂ ಕಡಿಮೆ ಎನಿಸಲಿಲ್ಲ—ನಮ್ಮ ಎಡಗೈಗೆ ಬೇರೆ ಕೆಲಸ ಇದ್ದೇ ಇರುತ್ತದಲ್ಲ! ಆಚೀಚೆ ಮನೆಯವರು ಮಕ್ಕಳನ್ನೂ ಕಳಿಸತೊಡಗಿದರು. ನಾನು ಪಿಯಾನೋ ಟೀಚರ್ ಆದೆ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳುತ್ತೇನೆ. ಟ್ಯಾಬಿನಲ್ಲಿ ಕಲಿಸಿದ್ದಕ್ಕೆ ನನಗೆ ನಾಚಿಕೆ ಇಲ್ಲ. ಭಜನೆಯ ಹೆಂಗಸಿಗೆ ಪಿಯಾನೋ ಯಾಕೆ ಎಂದು ನಕ್ಕವರು ಇದ್ದಾರೆ. ಇಡೀ ಆದವಾನಿಯಲ್ಲಿ ಯಾರ ಮನೆಯ ಪಿಯಾನೋ ನಮಗಾಗಿ ಬಾಗಿಲು ತೆರೆದು ಕಾಯುತ್ತಿತ್ತು? ತೋರಿಸಲಿ, ಹೋಗಿ ಕೂರುತ್ತೇನೆ. ಇಲ್ಲದವರು ಇದ್ದುದರಲ್ಲಿ ಕಲಿಯುತ್ತಾರೆ. ಟ್ಯಾಬಿನಲ್ಲಿ ಕಲಿಸಿದೆ ಎಂದು ತಲೆ ಎತ್ತಿ ಹೇಳುವುದು ಬಿಟ್ಟು, ಹೇಳಬೇಕಾದ ಜಾಗದಲ್ಲಿ ಮಾತು ತಿರುಚಿದೆನಲ್ಲ—ನನ್ನ ನಾಚಿಕೆ ಅದಕ್ಕೆ.

ಬಳ್ಳಾರಿಗೆ ಇಬ್ಬರೂ ಹೋದೆವು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಕಿಟಕಿ ತೆರೆದಿತ್ತು. ನೀನು ಶುರುಮಾಡಿದೆ. ಸ ಬಂತು, ರಿ ಬರಲಿಲ್ಲ, ಗ ಪಕ್ಕದ ಮನೆಯಿಂದ ಬಂದಂತೆ ಬಂತು. ಗಾಜನ್ನು ಮುಟ್ಟುವಷ್ಟೇ ಮೆಲ್ಲಗೆ ಮುಟ್ಟುತ್ತಿದ್ದೆ ನೀನು, ಕೀ ಕೆಳಗೆ ಇಳಿಯುತ್ತಿರಲಿಲ್ಲ. ಬಂದ ದನಿಯೂ ನಿಲ್ಲಲಿಲ್ಲ. ಅದು ನಿಂತಿರುತ್ತದೆಂದು ನೀನು ಕಾಯುತ್ತಿದ್ದೆ, ಕಾಯುತ್ತಿದ್ದಂತೆ ಅದು ಹೋಗಿಬಿಡುತ್ತಿತ್ತು, ತಾಳ ತಪ್ಪುತ್ತಿತ್ತು. ನನಗೆ ಅಲ್ಲೇ, ಆ ಬೆಂಚಿನ ಮೇಲೇ ಗೊತ್ತಾಯಿತು. ನೀನು ಅಳಿಸಿದ ಆ್ಯಪೇ ಸರಿಯಿತ್ತು.

ಎಲ್ಲಿ ಕಲಿತೆ ಎಂದು ಮೇಡಂ ಕೇಳಿದ್ದಕ್ಕೆ ನೀನು "ನಮ್ಮತ್ತಿ ಹತ್ರ" ಎಂದಷ್ಟೇ ಹೇಳಿದೆಯಂತೆ. ಮೇಡಂ ಎದ್ದು ಹೊರಗೆ ಬಂದರು. ಒಳ್ಳೆಯ ಹೆಂಗಸು, ದನಿ ತಗ್ಗಿಸಿಯೇ ಮಾತಾಡಿದರು.

"ಹುಡುಗೀಗೆ ಶ್ರುತಿ ಭಾಳ ಚೊಲೋ ಐತ್ರೀ. ಆದ್ರ ಕೈ ಕುಂದ್ರವಲ್ದು. ಟ್ಯಾಬಿನಾಗ ಕಲ್ತವ್ರಿಗೆ ಹಿಂಗಾಗ್ತೈತಿ. ಹಂಗಿದ್ರ ಹೇಳ್ರಿ, ಒಂದು ವಾರ ಇಲ್ಲೇ ಇದ್ದು ಪ್ರಾಕ್ಟೀಸ್ ಮಾಡ್ಲಿ, ಆಮ್ಯಾಲೆ ಮತ್ತೊಮ್ಮೆ ಕೇಳ್ತೀನಿ. ಇಲ್ಲಾ ಪಿಯಾನೋ ಮ್ಯಾಲೇ ಕಲ್ತಾಳೇನು?"

ಸುನಂದಾ, ಅವರು ಬಾಗಿಲನ್ನು ಪೂರ್ತಿ ತೆರೆದು ಹಿಡಿದಿದ್ದರು. ಟ್ಯಾಬಿನಾಗ ರೀ—ಅಷ್ಟು ಅಂದಿದ್ದರೆ ಸಾಕಿತ್ತು.

"ಪಿಯಾನೋ ಮ್ಯಾಲೇ ರೀ," ಎಂದೆ. "ನಾನೇ ಕಲ್ಸೀನಿ."

"ಪಿಯಾನೋ ಮ್ಯಾಲೇ ಕಲ್ತೂ ಹಿಂಗಂದ್ರ ಕಷ್ಟ ಐತ್ರಿ," ಎಂದು ಅವರು ಒಳಗೆ ಹೋದರು.

ಯಾಕೆ ಹೇಳಿದೆ? ಹೆದರಿಕೆ ಎಂದು ಬರೆದು ಹೊಡೆದುಹಾಕಿದೆ. ಹೆದರಿಕೆ ಅಲ್ಲ. ಅಹಂಕಾರ. ಇಸ್ತ್ರಿ ಮಾಡಿದ ಸೀರೆಯುಟ್ಟ ಒಬ್ಬ ಹೆಂಗಸಿನ ಮುಂದೆ, ಪಿಯಾನೋ ಮುಟ್ಟದೆಯೇ ಪಿಯಾನೋ ಕಲಿಸಿದವಳು ಎಂದು ಹೇಳಿಕೊಳ್ಳಲು ನನ್ನ ನಾಲಿಗೆ ಏಳಲಿಲ್ಲ. ನಿನ್ನ ಬದುಕಿಗಿಂತ ನನಗೆ ಆ ಗಳಿಗೆಯ ಮಾನ ದೊಡ್ಡದಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕೇಳಿದೆ: "ಕೀ ಕೆಳಗ ಹೋಗವಲ್ದಾಗಿತ್ತು ಅತ್ತಿ. ನಾ ಮುಟ್ಟೀನಿ, ದನೀನ ಬರ್ಲಿಲ್ಲ. ಯಾಕ?" ನಾನು ಕಿಟಕಿಯ ಆಚೆಯ ಹತ್ತಿ ಹೊಲ ನೋಡುತ್ತ ಕೂತೆ. ಉತ್ತರ ನನ್ನ ಬಾಯಲ್ಲೇ ಇತ್ತು.

ಸೋಮವಾರ ಭಜನೆಗೆ ಎಲ್ಲರೂ ಸೇರಿದಾಗ, ನಮ್ಮಲ್ಲಿ ಹಿರಿಯಳಾದ ಈರಮ್ಮಕ್ಕ ಏನಾಯಿತವ್ವಾ ಎಂದು ಕೇಳಿದಳು. ನೀನು ಬಾಗಿಲ ಹತ್ತಿರ ಚಾಪೆ ಹಾಸುತ್ತಿದ್ದೆ. ನಾನು ಪೇಟಿಯ ಮುಂದೆ ಕೂತು ಹೇಳಿದೆ: "ಆಕಿ ಬೆರಳಾಗ ಜೀವ ಇಲ್ಲಕ್ಕಾ. ನಾ ಎಷ್ಟ್ ಕಲ್ಸಿದ್ರೇನು?"

"ಪರವಾಲೇದು ಬಿಡವ್ವಾ, ಎಲ್ಲಾರ್ಗೂ ಎಲ್ಲಾ ಬರ್ತೈತೇನು," ಎಂದು ಈರಮ್ಮಕ್ಕ ನಿನ್ನ ಬೆನ್ನು ಸವರಿದಳು. ನೀನು ಚಾಪೆಯ ಅಂಚು ಸರಿಮಾಡುತ್ತಲೇ ಇದ್ದೆ.

ನನ್ನ ಮಾತು ಆ ಜಾಗದಿಂದ ಹೊರಟರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಕೂತು ಹೇಳಿದೆ. ನೀನು ಆಮೇಲೆ ಪೇಟಿ ಮುಟ್ಟಲಿಲ್ಲ. ಒಮ್ಮೆ ಯಾರೋ ತಿಳಿಯದೆ ನಿನ್ನ ಕೈಗೆ ತಾಳ ಕೊಟ್ಟರು. "ನನ್ನ ಕೈಗೆ ಬರಂಗಿಲ್ರೀ," ಎಂದು ನಗುತ್ತ ವಾಪಸು ಕೊಟ್ಟೆ. ಬರೀ ಎರಡು ಬಟ್ಟಲಿನ ತಾಳ! ಆ ನಗು ನೋಡಿಯೂ ನಾನು ಮುಂದಿನ ಪದ ಎತ್ತಿಕೊಂಡೆ. ಈಗ ನೀನು ಮಾರ್ಕೆಟ್ ಯಾರ್ಡಿನ ಹತ್ತಿರ, ಹತ್ತಿ ಗಾಡಿಗಳ ತೂಕದ ಚೀಟಿ ಬರೆಯುತ್ತೀಯ. ಕೆಲಸ ಕೀಳು ಎನ್ನುತ್ತಿಲ್ಲ. ಆದರೆ ಸಂಜೆ ಮನೆಗೆ ಬಂದು ಪಾತ್ರೆ ತೊಳೆಯುವಾಗಲೂ ನೀನು ಒಂದು ಸಾಲು ಗುನುಗುವುದಿಲ್ಲ. ಆ ಇಲ್ಲದ ಗುನುಗು ಮನೆಯಲ್ಲಿ ನನಗೆ ಮಾತ್ರ ಕೇಳಿಸುತ್ತದೆ.

ಮೊನ್ನೆ ಒಬ್ಬಳೇ ಬಳ್ಳಾರಿಗೆ ಹೋಗಿದ್ದೆ. ನಂದವರಕ್ಕೆ ಮದುವೆಗೆ ಎಂದು ನಿನಗೆ ಹೇಳಿದ್ದೆ—ಅದೂ ಸುಳ್ಳು, ಅದನ್ನೂ ಸೇರಿಸಿಕೋ. ಮೇಡಂ ಇನ್ನೂ ಅಲ್ಲೇ ಇದ್ದಾರೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಜಾಗಕ್ಕೆ ಯಾವಾಗಲೋ ಬೇರೆಯವರು ಬಂದಿದ್ದಾರೆ ಎಂದರು. "ಟ್ಯಾಬಿನಾಗ ಕಲ್ತಾಳ ಅಂದಿದ್ರ ಆ ಹುಡುಗೀನ ನಾ ಬಿಡ್ತಿರ್ಲಿಲ್ರೀ," ಎಂದರು. ಆಮೇಲೆ ನನ್ನನ್ನು ಪಿಯಾನೋ ಮುಂದೆ ಕೂರಿಸಿದರು. ಟ್ಯಾಬಿನಲ್ಲಿ ಮುಟ್ಟುವ ಹಾಗೆ ಮುಟ್ಟಿದೆ. ದನಿ ಬರಲಿಲ್ಲ. ಪೇಟಿಗೆ ಮೂವತ್ತು ವರ್ಷ ಪಳಗಿದ ಈ ಬೆರಳಿಗೂ ಬರಲಿಲ್ಲ, ಸುನಂದಾ.

ಈಗ ಮಕ್ಕಳಿಗೆ ನೀನು ಆರಿಸಿದ್ದ ಆ ಮೊದಲ ಆ್ಯಪನ್ನೇ ಹಾಕಿಕೊಟ್ಟಿದ್ದೇನೆ. ಬಂದ ಮೊದಲ ದಿನವೇ ಹೇಳುತ್ತೇನೆ, ಇದು ಪಿಯಾನೋ ಅಲ್ಲ, ನನಗೆ ಪಿಯಾನೋ ಬರುವುದಿಲ್ಲ, ಬರುವಷ್ಟು ಕಲಿಸುತ್ತೇನೆ ಎಂದು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹೋಗಲಿ. ಉಳಿದವರಿಗೆ ಕಲಿಸುತ್ತೇನೆ, ಯಾರು ಬೇಡ ಎಂದರೂ.

ಇದರಿಂದ ನಿನ್ನ ವರ್ಷಗಳು ವಾಪಸು ಬರುವುದಿಲ್ಲ ಎಂದು ಗೊತ್ತು. ಅದಕ್ಕೆ ನಾಲ್ಕು ಗೋಡೆಯ ನಡುವೆ ನಿನ್ನ ಕಿವಿಯಲ್ಲಿ ಹೇಳಿ ಹಗುರಾಗುವ ಯೋಚನೆ ನನಗಿಲ್ಲ. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ತೆಗೆದುಕೊಳ್ಳಬೇಕು. ಬರುವ ಸೋಮವಾರ, ಪದ ಶುರುವಾಗುವ ಮೊದಲು, ಈರಮ್ಮಕ್ಕನೂ ಉಳಿದವರೂ ಕೂತಿರುವಾಗ ಇದನ್ನು ಓದುತ್ತೇನೆ. ಸುನಂದಾಗೆ ಕೈ ಇದೆ, ಮೊದಲಿಂದಲೂ ಇತ್ತು, ನಾನು ಸುಳ್ಳು ಹೇಳಿದ್ದೆ ಎನ್ನುತ್ತೇನೆ. ಅವರು ಬೈಯಬಹುದು, ಇನ್ನು ಪೇಟಿ ಬಿಟ್ಟು ಏಳು ಎನ್ನಬಹುದು. ಅವರು ಎಷ್ಟು ಅಂದರೂ ನಾನು ಏಳುವವಳಲ್ಲ.

ನೀನು ಅಂದರೆ ಏಳುತ್ತೇನೆ.