ಅವ್ವನ ಬುತ್ತಿಗೆ ತಲಾಶಿ

ಹೋದ ವಾರ ಕಲಬುರಗಿಯ ಸೇಡಂ ರಸ್ತೆಯಲ್ಲಿ ನಲವತ್ತು ನಿಮಿಷ ಆಟೋದಲ್ಲೇ ಕುಳಿತಿದ್ದೆ. ಯಾರೋ ವಿಐಪಿ ಬರುವವರಿದ್ದರಂತೆ. ಸೆಕ್ಯೂರಿಟಿಯವರೆಲ್ಲ ರಸ್ತೆಗೆ ಬೆನ್ನು ಹಾಕಿ ನಮ್ಮನ್ನೇ ನೋಡುತ್ತ ನಿಂತಿದ್ದರು. ಕಾರುಗಳು ಸರ್ರನೆ ಹೋದವು. ಒಬ್ಬನಾದರೂ ಹಿಂತಿರುಗಿ ನೋಡಬೇಕಲ್ಲ? ಇಲ್ಲ.

ನಮ್ಮ ಮುತ್ಯಾ ಮಾಡಿದ್ದೂ ಇದೇ ನೌಕರಿ. (ಅಜ್ಜನಿಗೆ ನಮ್ಮ ಕಡೆ ಮುತ್ಯಾ ಎನ್ನುತ್ತೇವೆ.)

ನಿಜಾಮರ ಕಾಲ. ಮುತ್ಯಾನ ಹೆಸರು ಬಸಣ್ಣ, ಊರು ಮಹಾಗಾಂವ. ಒಕ್ಕಲುತನದ ಮನೆಯಿಂದ ಬಂದು ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ ಪಹರೆಯವನಾದ. ಹೈದರಾಬಾದಿನ ದೊಡ್ಡವರು ಬಂದರೆ ಇಳಿಯುವ ಬಂಗಲೆ ಅದು. ಅವರು ಒಳಗಿದ್ದರೆ ಬಾಗಿಲಲ್ಲಿ ನಿಲ್ಲಬೇಕು, ಹೊರಟರೆ ದಾರಿಯಲ್ಲಿ. ಕಲಿಸಿದ ಮೊದಲ ಪಾಠ: ಸಾಹೇಬರ ಮುಖ ನೋಡಬೇಡ, ಜನರ ಕೈ ನೋಡು.

ಒಮ್ಮೆ ಸಾಹೇಬರೊಬ್ಬರ ಮೋಟಾರು ಬೀದರ ಕಡೆಯಿಂದ ಕಮಲಾಪುರದ ಮೇಲೆ ಬರುವುದಿತ್ತು. ಮುತ್ಯಾನನ್ನು ಅಲ್ಲಿಗೆ ಹಾಕಿದರು. ಕಬ್ಬಿಣದ ಸಾಮಾನು ಹಿಡಿದವರು ಯಾರೂ ದಾರಿಯ ಹತ್ತಿರ ಸುಳಿಯಬಾರದೆಂದು ಹುಕುಂ. ಊರವರು ಸಾಹೇಬರಿಗೆಂದು ತಂದ ಕೆಂಪು ಬಾಳೆಗೊನೆಗಳನ್ನೂ ದೂರ ಇಡಿಸಿದ್ದರು. (ಬಾಳೆಹಣ್ಣಿನಿಂದ ಏನು ಅಪಾಯ? ಹಾಗೆಲ್ಲ ಕೇಳಬಾರದು.)

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ಮುತ್ಯಾನ ತಾಯಿ.

ಜೋಳ ಕೊಯ್ಯುವ ದಿನಗಳು. ಹೊಲದಿಂದ ನೆಟ್ಟಗೆ ನಡೆದು ಬಂದಿದ್ದಳು. ಕಂಕುಳಲ್ಲಿ ಬುತ್ತಿಗಂಟು. ಗಂಟಿನ ಉಬ್ಬು ನೋಡಿಯೇ ಮುತ್ಯಾನಿಗೆ ತಿಳಿಯಿತು, ಒಳಗೆ ಕುಡುಗೋಲಿದೆ.

ಪಹರೆಯವರ ಮೇಲಿನ ಜಮಾದಾರ ಕೇಳಿದ, "ಬಸಣ್ಣ, ಆ ಗಂಟಿನ್ಯಾಗ ಏನದ?"

"ರೊಟ್ಟಿ ಅವ ಸಾಹೇಬ. ನಾ ನೋಡೀನಿ."

ಮುತ್ಯಾ ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಆಡಿದ ಮೊದಲ ಸುಳ್ಳು ಅದು.

"ಯಾರು ಆಕಿ?"

"ನಮ್ಮ ಅವ್ವರೀ."

ಜಮಾದಾರ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದ, "ಹಂಗಿದ್ರ ಚಲೋತ್ನಾಗಿ ತಲಾಶಿ ಮಾಡು. ನಾಳಿ ಯಾರೂ ಮಾತಾಡಬಾರ್ದು."

ಸುತ್ತ ನಿಂತವರಲ್ಲಿ ಅರ್ಧ ಜನ ಮಹಾಗಾಂವದವರೇ. ಅವರೆದುರಿಗೆ ಮಗ ತಾಯಿಯ ಗಂಟು ಬಿಚ್ಚಿದ. ನಾಲ್ಕು ರೊಟ್ಟಿ, ಪುಂಡಿಪಲ್ಯ, ಕುಡುಗೋಲು. ಮುತ್ಯಾ ತಲೆ ಎತ್ತಲಿಲ್ಲ. ಜಮಾದಾರ ಕುಡುಗೋಲನ್ನಷ್ಟೇ ತೆಗೆದಿಟ್ಟುಕೊಂಡ. ಮೋಟಾರು ಹೋಗುವ ತನಕ ಆಕೆಯನ್ನು ಚಾವಡಿಯೊಳಗೆ ಕೂರಿಸಿದರು, ಬಾಗಿಲಿಗೊಬ್ಬ ಕಾವಲುಗಾರ.

ಮೋಟಾರು ಬಂತು, ಹೋಯಿತು. ಜನ ಜೈಕಾರ ಹಾಕಿದರು. ತಾಯಿ ಗೋಡೆಯಾಚೆ, ಮಗನ ಬೆನ್ನು ದಾರಿಗೆ. ಇಬ್ಬರೂ ಏನೂ ಕಾಣಲಿಲ್ಲ.

ಆಮೇಲೆ ಮುತ್ಯಾ ಚಾವಡಿಗೆ ಹೋದ. ಆಕೆ ರೊಟ್ಟಿಗಳನ್ನು ಮತ್ತೆ ಅರಿವೆಯಲ್ಲಿ ಕಟ್ಟುತ್ತಿದ್ದಳು.

"ಅವ್ವಾ, ಸಿಟ್ಟಾಗಬ್ಯಾಡ. ಸಾಹೇಬ್ರಿಗಿ ನೋಡ್ಲಾಕ ಅಷ್ಟು ದೂರ ನಡದು ಬಂದಿ."

"ನಿಮ್ಮ ಸಾಹೇಬ್ರಿಗಿ ಯಾರು ನೋಡ್ಲಾಕ ಬಂದಾರ? ಆರು ತಿಂಗಳಾತು, ನೀ ಮನಿಗಿ ಬಂದಿಲ್ಲ. ಇಲ್ಲಿ ನಿಂದರ್ತಿ ಅಂತ ಗೊತ್ತಾತು, ಬುತ್ತಿ ತಂದೆ."

ಮುತ್ಯಾ ಅಲ್ಲೇ ಕುಳಿತು ಎರಡು ರೊಟ್ಟಿ ತಿಂದ. ಆಕೆ ನೋಡುತ್ತಿದ್ದವಳು ನಿಧಾನವಾಗಿ ಕೇಳಿದಳಂತೆ, "ನಿನ್ನ ಕೆಲಸ ಕಾಯೋದು ಖರೆ. ಆದ್ರ ಅವರಿಗಿ ಯಾರಿಂದ ಕಾಯ್ತಿ ನನ್ನಪ್ಪಾ? ನಮ್ಮಿಂದೇನು?"

ಮುತ್ಯಾ ಇದನ್ನು ನನಗೆ ಹೇಳಿದ್ದು ತನ್ನ ಕೊನೆಯ ವರ್ಷಗಳಲ್ಲಿ, ಪೆನ್ಶನ್ನಿನ ಮೇಲಿದ್ದಾಗ. ಆ ಮಾತಿಗೆ ಉತ್ತರ ಸಿಕ್ಕಿತೇ ಎಂದು ಕೇಳಿದೆ.

"ಸಿಕ್ಕಿದ್ರ, ಮತ್ತ ಅಷ್ಟು ವರ್ಷ ಆ ಪಹರೆ ಡ್ರೆಸ್ಸು ಹಾಕ್ಕೋತಿದ್ನೇನೋ ತಮ್ಮಾ?"