ಬಿಚ್ಚದ ಸುಲು

ತೊಂಬತ್ತರ ದಶಕದಲ್ಲಿ ನಾನಿದ್ದ ಕತಾರಿನ ಮೆಸಯೀದಿನ ಕಂಪನಿ ವಸತಿಯಲ್ಲಿ ಪಕ್ಕದ ಕೋಣೆಯವನು ಫಿಜಿಯ ಫಿಟ್ಟರ್. ಪ್ರತಿ ಶುಕ್ರವಾರ ಬೆಳಿಗ್ಗೆ ದೋಹಾದ ಯಾವುದೋ ವಿಲ್ಲಾದಲ್ಲಿ ನಡೆಯುವ ಪ್ರಾರ್ಥನೆಗೆ ಸುಲು ಉಟ್ಟು ಹೊರಡುತ್ತಿದ್ದ. ಸೊಂಟದಿಂದ ಮೀನಖಂಡದವರೆಗೆ ಇಳಿಯುವ ಬೂದು ಬಟ್ಟೆ, ಮೇಲೆ ಬಿಳಿ ಅಂಗಿ, ಟೈ.

"ಎಂತ ಮಾರಾಯ್ರೆ, ಲುಂಗಿಗೆ ಟೈ ಕಟ್ಟಿದ್ದಾನಲ್ಲ ಇವ!" ಎಂದು ಮಂಗಳೂರಿನ ಕಡೆಯ ನನ್ನ ರೂಮಿನವರೊಬ್ಬರು ನಗುತ್ತಿದ್ದರು.

ಭಾಷೆ ಬಾರದಿದ್ದರೂ ಅವನಿಗೆ ನಗು ತಿಳಿಯುತ್ತಿತ್ತು. "ನೀವು ಮಲಗುವುದಕ್ಕೆ ಉಡುತ್ತೀರಿ. ನಾವು ಊರಿನ ಹಿರಿಯನ ಮುಂದೆ, ದೇವರ ಮುಂದೆ ನಿಲ್ಲುವುದಕ್ಕೆ ಉಡುತ್ತೇವೆ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಒಂದು ಶುಕ್ರವಾರ ವಸತಿಯ ನೀರಿನ ಪಂಪು ಕಿರುಗುಟ್ಟತೊಡಗಿತು. ಅದರ ಹೊಣೆ ನನ್ನದು. ಸುಲು ಉಟ್ಟು ಬಸ್ಸಿಗೆ ಕಾಯುತ್ತಿದ್ದ ಅವನನ್ನು ನಾನೇ ಕರೆದೆ.

"ಬಟ್ಟೆ ಬದಲಿಸಿ ಬರ್ತೀನಿ."

"ಎರಡೇ ನಿಮಿಷ, ಯಲ್ಲಾ, ಬೇಗ ಬಾ! ನಮ್ಮೂರಲ್ಲಿ ಲುಂಗಿ ಉಟ್ಟೇ ಎಲ್ಲ ಕೆಲಸ ಮಾಡ್ತಾರೆ."

ನಾನು ಓದಿದ್ದು ಮೆಕ್ಯಾನಿಕಲ್. ತಿರುಗುವ ಶಾಫ್ಟಿನ ಹತ್ತಿರ ಇಂಥ ಬಟ್ಟೆ ಕೂಡದೆಂದು ಪರೀಕ್ಷೆಯಲ್ಲಿ ಬರೆದವನು. ಆದರೆ ಅಂದು ತಲೆಯಲ್ಲಿದ್ದದ್ದು ಲುಂಗಿ. ಸಿಕ್ಕಿಕೊಂಡರೆ ಬಿಚ್ಚಿಹೋಗುತ್ತದೆ, ಹೆಚ್ಚೆಂದರೆ ಮಾನ ಹೋಗುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆಯೆಂದು ನೋಡಲು ಶಾಫ್ಟಿನ ಮುಚ್ಚಳವನ್ನೂ ನಾನೇ ತೆಗೆದಿದ್ದೆ. ಅವನು ಓಡುತ್ತಿದ್ದ ಪಂಪಿನತ್ತ ಬಾಗಿ ಕಿವಿಗೊಟ್ಟ. ಸುಲುವಿನ ಅಂಚು ಒಳಗೆ ಹೋದದ್ದು ನನಗೆ ಕಾಣಿಸಿತು. ಬಿಚ್ಚಿಹೋಗಲೆಂದು ಕಾದೆ. ಹೌದು, ಕಾದೆ. ಅದು ದರ್ಜಿ ಹೊಲಿದದ್ದು, ಒಳಗೆ ಕೊಂಡಿ, ಮೇಲೆ ಚರ್ಮದ ಬೆಲ್ಟು. ಬಟ್ಟೆ ಸುತ್ತಿಕೊಳ್ಳುತ್ತ ಅವನನ್ನೇ ಎಳೆಯತೊಡಗಿತು. ಅವನು ಎರಡೂ ಕೈಯಲ್ಲಿ ಪೈಪನ್ನು ತಬ್ಬಿ ಕಿರುಚಿದ. ಆಮೇಲೆ ಓಡಿದೆ. ಸ್ವಿಚ್ಚು ನಾಲ್ಕೇ ಹೆಜ್ಜೆ ದೂರ.

ಪಂಪು ನಿಂತಿತು. ತೊಡೆಯ ಚರ್ಮ ಸುಲಿದಿತ್ತು, ಮೂಳೆ ಉಳಿದಿತ್ತು. ಕೂಗು ಕೇಳಿ ಬಂದ ಮಂಗಳೂರಿನವರು ಚಾಕು ಹಿಡಿದು ಬೈದರು: "ಎಂತ ನೋಡ್ತಾ ನಿಂತದ್ದು ನೀವು? ಹಿಡೀರಿ ಅವನನ್ನ, ನಾನು ಬಟ್ಟೆ ಕೊಯ್ತೇನೆ!" ಆಂಬ್ಯುಲೆನ್ಸಿಗೆ ಏರಿಸುವಾಗ ಅವನು ಉಳಿದ ತುಂಡನ್ನು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತಲೇ ಇದ್ದ.

ಅಪಘಾತದ ವರದಿಯಲ್ಲಿ ನಾನು ಕಾರಣ 'ಸಡಿಲ ಉಡುಪು' ಎಂದು ಬರೆದೆ. ಆಸ್ಪತ್ರೆಯಲ್ಲಿ ಅದನ್ನು ಓದಿ ಅವನು ಹಿಂದಿರುಗಿಸಿದ.

"ಸಡಿಲ ಇರಲಿಲ್ಲ. ತಪ್ಪನ್ನು ಸುಲುವಿನ ಮೇಲೆ ಹಾಕಬೇಡ. ನೀನು ಕರೆದೆ ಅಂತ ಬರಿ."

ಕರೆದದ್ದನ್ನು ಬರೆದೆ, ಮುಚ್ಚಳ ತೆಗೆದದ್ದನ್ನೂ ಬರೆದೆ. ಅವನು ಓದಿ, ಸರಿಯೆಂದು ತಲೆಯಾಡಿಸಿ ಸಹಿ ಹಾಕಿದ. ನೋಡುತ್ತ ನಿಂತದ್ದನ್ನು ಮಾತ್ರ ಅವನಿಗೆ ನಾನು ಹೇಳಲೇ ಇಲ್ಲ.